ಆರ್ಕಿಡ್‌ಗೆ ವೈರಸ್ ಬಂದಿದೆಯಾ? ಮೊದಲು ನಿಮ್ಮ ಕತ್ತರಿ ನೋಡಿ

ಆರ್ಕಿಡ್ ಎಲೆ ಮೇಲೆ ಒಂದು ಕಪ್ಪು ಚುಕ್ಕೆ ಕಂಡ ಕೂಡಲೇ ಗಿಡ ಎಸೆಯಲು ಓಡಬೇಡಿ. ಬಿಸಿಲಿಗೆ ಸುಟ್ಟರೂ ಕಲೆ ಬೀಳುತ್ತದೆ, ಮಳೆಗಾಲದಲ್ಲಿ ಫಂಗಸ್‌ನಿಂದಲೂ ಬೀಳುತ್ತದೆ. ಅನುಮಾನ ಪಡಬೇಕಾದ್ದು ಎಲೆಯಲ್ಲಿ ಹಳದಿ ಗೀರು, ಉಂಗುರದಂಥ ಗುರುತು, ತಗ್ಗಾದ ಕಪ್ಪು ಪಟ್ಟೆ ಬಂದಾಗ, ಇಲ್ಲವೇ ಹೂವಿನ ಬಣ್ಣ ಅಲ್ಲಲ್ಲಿ ಒಡೆದಂತೆ ಕಂಡಾಗ. ಕಷ್ಟ ಏನಂದರೆ, ಎಷ್ಟೋ ಗಿಡಗಳು ಒಳಗೆ ವೈರಸ್ ಇಟ್ಟುಕೊಂಡೂ ಏನೂ ಆಗದಂತೆ ಹೂ ಬಿಡುತ್ತಿರುತ್ತವೆ.

ಸಾಮಾನ್ಯವಾಗಿ ಕಾಡುವುದು ಎರಡು: ಸಿಂಬಿಡಿಯಂ ಮೊಸಾಯಿಕ್ ಮತ್ತು ಒಡಾಂಟೊಗ್ಲಾಸಮ್ ರಿಂಗ್‌ಸ್ಪಾಟ್. ಹೆಸರು ನೋಡಿ ನಮ್ಮಲ್ಲಿ ಆ ಗಿಡ ಇಲ್ಲವಲ್ಲ ಅಂತ ಸಮಾಧಾನ ಬೇಡ, ಫೆಲನಾಪ್ಸಿಸ್, ಕ್ಯಾಟ್ಲಿಯಾ, ಡೆಂಡ್ರೋಬಿಯಂ ಯಾವುದನ್ನೂ ಇವು ಬಿಡುವುದಿಲ್ಲ. ಔಷಧಿ ಇಲ್ಲ. ಯಾರಾದರೂ ಬೇವಿನೆಣ್ಣೆ ಹೊಡೆಯಿರಿ, ಅರಿಶಿನ ಹಚ್ಚಿ ಅಂದರೆ ಸುಮ್ನೆ ಕೇಳಿಸಿಕೊಳ್ಳಿ, ಅಷ್ಟೇ.

ಈ ಎರಡೂ ಹರಡುವುದು ಗಿಡದ ರಸದಿಂದ. ಅಂದರೆ ಬಹುತೇಕ ನಮ್ಮ ಕೈಯಿಂದಲೇ! ನಾನೂ ವರ್ಷಗಟ್ಟಲೆ ಒಣಗಿದ ಹೂದಂಡುಗಳನ್ನೆಲ್ಲ ಒಂದೇ ಕತ್ತರಿಯಲ್ಲಿ ಸಾಲಾಗಿ ಕತ್ತರಿಸುತ್ತಿದ್ದೆ, ಮಧ್ಯೆ ಮಧ್ಯೆ ಸ್ಪಿರಿಟ್‌ನಲ್ಲಿ ಒರೆಸಿ ಎಷ್ಟು ಶಿಸ್ತು ಅಂತ ಬೀಗುತ್ತಲೂ ಇದ್ದೆ. ಸ್ಪಿರಿಟ್ ಬ್ಯಾಕ್ಟೀರಿಯಾಕ್ಕೆ ಸರಿ, ರಿಂಗ್‌ಸ್ಪಾಟ್‌ನಂಥ ಗಟ್ಟಿ ವೈರಸ್‌ಗೆ ಸಾಲದು. ಅದು ತಂಬಾಕಿನ ಮೊಸಾಯಿಕ್ ವೈರಸ್‌ನ ಹತ್ತಿರದ ನೆಂಟ, ಒಣಗಿದರೂ ಬೇಗ ಸಾಯುವ ಜಾತಿಯಲ್ಲ.

ಸುಲಭದ ದಾರಿ ಶೇವಿಂಗ್ ಬ್ಲೇಡ್. ಒಂದು ಗಿಡಕ್ಕೆ ಒಂದು ಬ್ಲೇಡ್, ಮುಗಿದ ಮೇಲೆ ಕಾಗದದಲ್ಲಿ ಸುತ್ತಿ ಎಸೆಯಿರಿ. ಕತ್ತರಿಯೇ ಬೇಕು ಅಂದರೆ ಅಂಟಿದ ರಸ ತೊಳೆದು, ಟ್ರೈಸೋಡಿಯಂ ಫಾಸ್ಫೇಟ್ (ತೊಳೆಯಲು ಬಳಸುವ ಕ್ಷಾರದ ಪುಡಿ) ದ್ರಾವಣದಲ್ಲಿ ನೆನೆಸಿಡಿ. ಒಂದು ಲೀಟರಿಗೆ 100 ಗ್ರಾಂ, ಕೈಗವಸು ಹಾಕಿಕೊಂಡೇ ಕಲಸಿ. ಎರಡು ಮೂರು ಕತ್ತರಿ ಇದ್ದರೆ ಒಂದು ನೆನೆಯುವಾಗ ಇನ್ನೊಂದು ಬಳಸಬಹುದು. ಹಳೆ ಕುಂಡದ ತೊಗಟೆ, ಇದ್ದಿಲನ್ನು ಇನ್ನೊಂದು ಗಿಡಕ್ಕೆ ಹಾಕಬೇಡಿ, ಒಂದು ಕುಂಡದಿಂದ ಸೋರಿದ ನೀರು ಕೆಳಗಿನದಕ್ಕೆ ಬೀಳದಂತೆ ನೋಡಿಕೊಳ್ಳಿ. ಆರ್ಕಿಡ್ ಫ್ಲೆಕ್ ಅಂತ ಇನ್ನೊಂದು ವೈರಸ್ ಇದೆ, ಅದನ್ನು ಹರಡುವುದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ. ಅದಕ್ಕೆ ಎಲೆಯ ಅಡಿಭಾಗವನ್ನೂ ಆಗಾಗ ಭೂತಗನ್ನಡಿಯಲ್ಲಿ ನೋಡುತ್ತಿರಿ.

ಕಣ್ಣಂದಾಜಿನಲ್ಲಿ ವೈರಸ್ ಹೌದೋ ಅಲ್ಲವೋ ಹೇಳಲಾಗುವುದಿಲ್ಲ. ಎಲೆಯ ಚೂರನ್ನು ದ್ರಾವಣದಲ್ಲಿ ಅರೆದು ಪಟ್ಟಿ ಅದ್ದುವ ಟೆಸ್ಟ್ ಕಿಟ್ ಸಿಗುತ್ತದೆ, ಕೋವಿಡ್ ಕಾಲದ ಕಿಟ್ ನೆನಪಿದೆಯಲ್ವಾ, ಅದೇ ತರಹ ಗೆರೆ ಮೂಡುತ್ತದೆ. ಅಗ್ಗವಲ್ಲ, ಹಾಗಾಗಿ ದುಬಾರಿ ಗಿಡಕ್ಕೆ, ಅನುಮಾನದ ಗಿಡಕ್ಕೆ ಮಾತ್ರ ಖರ್ಚು ಮಾಡಿ. ಇಲ್ಲ ಅಂತ ಬಂದರೂ ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ, ವೈರಸ್ ಕಡಿಮೆ ಇದ್ದಾಗ ಪಟ್ಟಿಗೆ ಸಿಗದೆ ಹೋಗಬಹುದು. ಹೊಸದಾಗಿ ತಂದ ಗಿಡವನ್ನೂ ಅಲ್ಲಿಯವರೆಗೆ ಬೇರೆ ಕಡೆ ಇಡಿ.

ಹೌದು ಅಂತ ಬಂದರೆ? ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ನನ್ನ ಹಳದಿ ಕ್ಯಾಟ್ಲಿಯಾ ಎಸೆಯಲು ಮನಸ್ಸೇ ಬರಲಿಲ್ಲ, ಟೆರೇಸಿನ ಆಚೆ ಮೂಲೆಯಲ್ಲಿ ಒಂಟಿಯಾಗಿದೆ, ಅದರ ಬ್ಲೇಡೇ ಬೇರೆ, ಎಲ್ಲಾ ಗಿಡ ಮುಗಿಸಿ ಕೊನೆಗೆ ಅದನ್ನು ಮುಟ್ಟಿ ಸೋಪು ಹಾಕಿ ಕೈ ತೊಳೆಯುತ್ತೇನೆ. ಚೆನ್ನಾಗಿಯೇ ಹೂ ಬಿಡುತ್ತದೆ. ನೋಡಿದವರೆಲ್ಲ ಒಂದು ತುಂಡು ಕೊಡಿ ಅಂತಾರೆ, ಕೊಡಲ್ಲ ಅಂದರೆ ಜಿಪುಣಿ ಅಂದುಕೊಳ್ಳುತ್ತಾರೆ.