ಅಟ್ಟದಿಂದ ಇಳಿದ ‘ಬೇಕಕ್ಕು’

ಮಾರ್ಚ್ ಕೊನೆಗೆ ಶಾಲೆಗೆ ರಜೆ ಸಿಕ್ಕಿತು. ಮರುವಾರವೇ ಮಾಡಿನ ಹಂಚು ಸರಿಮಾಡುವವರು ಬಂದರು. ಏಣಿ ಇಟ್ಟು ಅಟ್ಟಕ್ಕೆ ತಲೆ ಹಾಕಿದವರು ಹಾಗೇ ಕೆಳಗಿಳಿದರು. "ಟೀಚರೇ, ಕಾಲಿಡ್ಲಿಕ್ಕೆ ಜಾಗ ಇಲ್ಲ. ಮೊದಲು ಇದನ್ನೆಲ್ಲ ಇಳಿಸಿ. ನಾನು ಬಿಸು ಕಳೆದು ಬರ್ತೇನೆ" ಅಂದರು. ಬಿಸು ಅಂದರೆ ಏಪ್ರಿಲ್ ನಡುವೆ ಬರುವ ನಮ್ಮ ಹೊಸ ವರ್ಷದ ಹಬ್ಬ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ತೋಟದ ಬದಿಯ ಹಂಚಿನ ಮನೆ. ಅಟ್ಟ ಅಂದರೆ ಅತ್ತೆಯ ಲೋಕ. ಅವರಿಗೆ ಎಪ್ಪತ್ತಾರು ವರ್ಷ, ಏಣಿ ಹತ್ತಿ ಐದಾರು ವರ್ಷ ಆಯಿತು. ಆದರೂ ಯಾವ ಮೂಲೆಯಲ್ಲಿ ಏನಿದೆ ಅಂತ ಕುಳಿತಲ್ಲಿಂದಲೇ ಹೇಳುತ್ತಾರೆ. ಏನನ್ನು ಬಿಸಾಡಲು ಹೊರಟರೂ ಒಂದೇ ಮಾತು: "ಅದು ಇರಲಿ, ಬೇಕಕ್ಕು." ನಮ್ಮ ಹವ್ಯಕ ಭಾಷೆಯ ಈ ‘ಬೇಕಕ್ಕು’ ಇದೆಯಲ್ಲ, ‘ಬೇಕಾದೀತು’ ಎನ್ನುವುದಕ್ಕಿಂತ ಒಂದು ತೂಕ ಜಾಸ್ತಿ. ಅದರ ಎದುರು ವಾದ ನಡೆಯುವುದಿಲ್ಲ.

ಎರಡು ದಿನ ಇಳಿಸಿದೆವು. ನಾನು ಮೇಲೆ, ಮಗಳು ಏಣಿಯಲ್ಲಿ, ಮಗ ಕೆಳಗೆ. ಮೂರು ಭರಣಿ, ಕಂಚಿನ ಹರಿವಾಣ, ಹಪ್ಪಳ ಒತ್ತುವ ಮಣೆ, ಮುಂಡಿಗೆಯ ಚಾಪೆ, ತಳ ಸೋರುವ ಹಂಡೆ, ಎರಡು ಸೇರು, ಒಂದು ಟ್ರಂಕು ಹಳೆ ಸೀರೆ. ಇವೆಲ್ಲ ಅತ್ತೆಯ ಲೆಕ್ಕಕ್ಕೆ ಬಂದವು. ಆಮೇಲೆ 63 ಐಸ್‌ಕ್ರೀಂ ಡಬ್ಬ, ಟಿವಿಯ ಪೆಟ್ಟಿಗೆ ಮತ್ತು ಅದರ ಥರ್ಮಾಕೋಲು, ಚಪ್ಪಲಿಯ ಖಾಲಿ ಬಾಕ್ಸುಗಳು, ಹಾರ್ಲಿಕ್ಸ್ ಬಾಟ್ಲಿಗಳು, ಬದಲಾಗಿ ಹೋದ ಪಠ್ಯಪುಸ್ತಕಗಳ ಕಟ್ಟು ಇಳಿದವು. ಇವು ನನ್ನವು. ಜಗಲಿಯಲ್ಲಿ ಎರಡು ರಾಶಿ ಎದುರುಬದುರು ಬಿದ್ದಿದ್ದನ್ನು ನೋಡಿದಾಗ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಅತ್ತೆಯ ನಲುವತ್ತು ವರ್ಷದ ರಾಶಿಗಿಂತ ನನ್ನ ಹತ್ತು ವರ್ಷದ್ದು ದೊಡ್ಡದಿತ್ತು.

ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ಬಾಯಿಮಾತಿನಲ್ಲಿ ತೀರ್ಮಾನ ಮಾಡಲು ಹೊರಟರೆ ಜಗಳ ಗ್ಯಾರಂಟಿ. ಹಾಗಾಗಿ ನಾನೊಂದು ಉಪಾಯ ಹೇಳಿದೆ. ಈ ರಜೆಯಲ್ಲಿ ಕೈಗೆ ಬಂದದ್ದು ಇರಲಿ, ಒಮ್ಮೆಯೂ ಮುಟ್ಟದ್ದು ಪತ್ತನಾಜೆಗೆ ಮನೆಯಿಂದ ಹೊರಗೆ. ಪತ್ತನಾಜೆ ಅಂದರೆ ತುಳುವರ ಬೇಶ್ಯ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುವುದು ಆ ಹೊತ್ತಿಗೇ. ಅತ್ತೆ ಯೋಚಿಸಿ, "ನಿನ್ನ ಡಬ್ಬಗಳಿಗೂ ಅದೇ ಕಾನೂನಾ?" ಅಂತ ಕೇಳಿದರು. ಹೌದು ಅಂದೆ. ಒಪ್ಪಿದರು.

ಮೊದಲು ಗೆದ್ದದ್ದು ಹರಿವಾಣ. ಹುಣಸೆಹುಳಿ ಹಾಕಿ ತಿಕ್ಕಿದ್ದೇ ಬಿಸುಕಣಿಗೆ, ಅಂದರೆ ಬಿಸುವಿನ ಬೆಳಿಗ್ಗೆ ಮೊದಲು ಕಣ್ಣಿಗೆ ಬೀಳಲಿ ಅಂತ ಜೋಡಿಸಿಡುವ ಸಾಮಾನಿಗೆ, ಅದನ್ನೇ ಇಟ್ಟೆವು. ನಾಲ್ಕೈದು ವರ್ಷದಿಂದ ಕಣಿಗೆ ಪೇಟೆಯ ಸೇಬು, ಕಿತ್ತಳೆ ಬರುತ್ತಿತ್ತು. ಈ ಸಲ ಬೇಡ ಅಂದುಕೊಂಡೆವು. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಕಾಟುಮಾವು, ಗೇರುಹಣ್ಣು, ಕನ್ನಡಿ, ಕೊಂದೆ ಹೂ, ಅಷ್ಟೇ. ಬೆಳಿಗ್ಗೆ ಕಣ್ಣು ಮುಚ್ಚಿಕೊಂಡು ಬಂದ ಮಗ ಕಣ್ಣು ಬಿಡುವ ಮೊದಲೇ "ಗೇರುಹಣ್ಣು!" ಅಂದ. ಆ ವಾಸನೆ ಹಾಗೆ.

ಕಣಿಯ ಸೌತೆಕಾಯಿ ಪಕ್ಕದ ಗದ್ದೆಯದ್ದು. ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆಗೆ ತರಕಾರಿ ಹಾಕುತ್ತಾರೆ. ಅಲ್ಲಿಂದಲೇ 41 ಸೌತೆಕಾಯಿ ತಂದೆ. ಮಳೆಗಾಲಕ್ಕೆ ಮಾಡಿನ ಅಡ್ಡಕ್ಕೆ ತೂಗುಹಾಕಿಡುವ ಹುಮ್ಮಸ್ಸು. ಹಿಂದೊಂದು ಸಲ ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿ ನೋಡಿದ್ದೆ. ಹಗ್ಗ ಒತ್ತಿದ ಕಡೆ ಸಿಪ್ಪೆ ಗಾಯವಾಗಿ, ಒಂದೊಂದೇ ಕೊಳೆತು ನೆಲಕ್ಕೆ ಬಿದ್ದಿತ್ತು. ಅದೂ ರಾತ್ರಿ. ಕಳ್ಳ ಬಂದ ಅಂತ ನನ್ನ ಯಜಮಾನರು ಟಾರ್ಚು ಹಿಡಿದು ಓಡಿದ್ದರು.

ಈ ಸಲ ಅತ್ತೆಯನ್ನು ಕೇಳಿದೆ. ಅವರು ಅಟ್ಟದಿಂದ ಇಳಿದ ರಾಶಿಯಲ್ಲಿ ಒಂದು ಒಣಗಿದ ಕಟ್ಟನ್ನು ತೋರಿಸಿದರು. ನಾನು ಕಸ ಅಂತ ಬದಿಗಿಟ್ಟದ್ದು ಅದು. ಬಾಳೆಬಳ್ಳಿ. ಬಾಳೆಯ ಹೊರಪಟ್ಟೆ ಮರದಲ್ಲೇ ಒಣಗಿದ ಮೇಲೆ ಸೀಳಿ ಇಟ್ಟದ್ದು. ಹಾಗೇ ಎಳೆದರೆ ಮುರಿಯುತ್ತದೆ. ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿದರೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ಎರಡು ಬೆರಳಿನಷ್ಟು ಅಗಲದ ಎರಡು ಪಟ್ಟಿ ತೆಗೆದು ನೆಲದಲ್ಲಿ ಅಡ್ಡಡ್ಡ ಇಡಬೇಕು. ನಡುವೆ ಸೌತೆಕಾಯಿ, ತೊಟ್ಟು ಮೇಲೆ. ನಾಲ್ಕು ತುದಿಯನ್ನೂ ತೊಟ್ಟಿನ ಹತ್ತಿರ ಒಟ್ಟು ಸೇರಿಸಿ ಒಂದು ತಿರುಪು, ಒಂದು ಗಂಟು. ಉಳಿದ ಉದ್ದಕ್ಕೆ ಇನ್ನೊಂದು ಕಾಯಿ. ಪಟ್ಟಿ ಅಗಲ ಇರುವುದರಿಂದ ಭಾರ ಒಂದೇ ಕಡೆ ಬೀಳುವುದಿಲ್ಲ, ಸಿಪ್ಪೆಗೆ ಗಾಯ ಆಗುವುದಿಲ್ಲ. ಒಣಗಿದ ಮೇಲೆ ಪಟ್ಟಿ ಬಿಗಿಯುತ್ತದೆ, ಗಂಟು ಜಾರುವುದೂ ಇಲ್ಲ.

ಹೇಳಿದಷ್ಟು ಸುಲಭ ಅಲ್ಲ ಬಿಡಿ. ನನ್ನ ಮೊದಲ ಐದು ಕಾಯಿ ಎತ್ತುವಾಗಲೇ ಜಾರಿದವು. ಅತ್ತೆಯ ಬೆರಳು ಗಂಟುಗಂಟಾಗಿದೆ, ಚಹಾ ಲೋಟ ಹಿಡಿಯುವಾಗ ನಡುಗುತ್ತದೆ. ಬಾಳೆಬಳ್ಳಿ ಕೈಗೆ ಬಂದರೆ ಮಾತ್ರ ನಡುಕ ಎಲ್ಲಿ ಹೋಯಿತೋ! ನಾನು ಒಂದು ಕಟ್ಟುವಷ್ಟರಲ್ಲಿ ಅವರು ಮೂರು ಕಟ್ಟಿ ಮುಗಿಸಿ, ನನ್ನದನ್ನು ಬಿಚ್ಚಿ ಪುನಃ ಕಟ್ಟಿದರು. ಏನೂ ಹೇಳಲಿಲ್ಲ. ಅದೇ ಜಾಸ್ತಿ ತಾಗಿತು.

ಇನ್ನು ಹಲಸು. 2018ರ ಮಾರ್ಚ್‌ನಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಣೆ ಮಾಡಿತು. ನಮ್ಮ ತೋಟದಲ್ಲಿ ಅದು ಬಿದ್ದು ಕೊಳೆಯುವುದೇನೂ ಅದರಿಂದ ನಿಲ್ಲಲಿಲ್ಲ. ಗಟ್ಟಿ ಸೊಳೆಯ ಬಕ್ಕೆ ಎರಡು, ಮೆತ್ತನೆ ಸೊಳೆಯ ತುಳುವ ಮೂರು ಮರ ಇವೆ. ತಿಂದು ಮುಗಿಸಲು ನಾವು ಐದು ಜನ.

ಉಪ್ಪುಸೊಳೆಗೆ, ಅಂದರೆ ಮಳೆಗಾಲಕ್ಕೆ ಉಪ್ಪಿನಲ್ಲಿ ಹಾಕಿಡುವ ಹಲಸಿನ ತೊಳೆಗೆ, ಬೆಳೆದಿದ್ದರೂ ಹಣ್ಣಾಗದ ಕಾಯಿ ಬೇಕು. ಕೈಗೂ ಮೆಟ್ಟುಕತ್ತಿಗೂ ತೆಂಗಿನೆಣ್ಣೆ ಹಚ್ಚಿಕೊಂಡು ಕುಳಿತೆವು, ಇಲ್ಲದಿದ್ದರೆ ಮೇಣ ಬಿಡುವುದಿಲ್ಲ. ಸೊಳೆ ಬಿಡಿಸಿ, ಬೇಳೆ ತೆಗೆದು, ರೆಚ್ಚೆಯನ್ನು ದನಕ್ಕೆ ಹಾಕಿದೆವು. ನಮ್ಮಲ್ಲಿ ಐದು ಸೇರು ಸೊಳೆಗೆ ಒಂದು ಸೇರು ಕಲ್ಲುಪ್ಪು. ಅಳೆಯಲು ಅಟ್ಟದ ಸೇರೇ ಬಂತು, ಅದೂ ಗೆದ್ದಿತು. ಉಪ್ಪು ಬೆರೆಸಿ ಭರಣಿಗೆ ಒತ್ತಿ ತುಂಬಿದರೆ ಸೊಳೆ ತಾನೇ ನೀರು ಬಿಡುತ್ತದೆ. ಆ ನೀರು ಸೊಳೆಯ ಮೇಲೆ ನಿಲ್ಲಬೇಕು. ಅದಕ್ಕೆ ಮೇಲಿಂದ ಭಾರ ಹೇರಬೇಕು.

"ಕಲ್ಲು ಎಲ್ಲಿದ್ದು?" ಅಂತ ಅತ್ತೆ ಕೇಳಿದರು.

ಯಾವ ಕಲ್ಲು?

ಭರಣಿಯ ಒಳಗೆ ಒಂದು ಕಲ್ಲಿತ್ತು, ಹೌದು. ಅಂಗೈಯಷ್ಟು ಅಗಲದ, ನುಣುಪಾದ ಕರಿ ಕಲ್ಲು. ಭರಣಿ ತೊಳೆಯುವಾಗ ಯಾಕೆ ಇದರೊಳಗೆ ಕಲ್ಲು ಅಂತ ಅಂಗಳದಾಚೆ ಬಿಸಾಡಿದ್ದೆ. ಅಟ್ಟದಿಂದ ಇಳಿದ ಇಷ್ಟೆಲ್ಲ ಸಾಮಾನಿನಲ್ಲಿ ನಾನು ಯಾರನ್ನೂ ಕೇಳದೆ ಎಸೆದದ್ದು ಅದೊಂದನ್ನೇ. ಅದು ಅತ್ತೆಯ ಅತ್ತೆ ಪಯಸ್ವಿನಿ ಹೊಳೆಯಿಂದ ಆರಿಸಿ ತಂದದ್ದಂತೆ. ಸಿಕ್ಕಿದ ಕಲ್ಲೆಲ್ಲ ಆಗುವುದಿಲ್ಲ. ಮುರಕಲ್ಲು ಇಟ್ಟರೆ ಉಪ್ಪುನೀರಿಗೆ ಪುಡಿ ಬಿಡುತ್ತದೆ, ಸೊಳೆ ಕೆಂಪಾಗುತ್ತದೆ. ಮೂಲೆ ಇರುವ ಕಲ್ಲು ಭರಣಿಗೆ ತಾಗುತ್ತದೆ. ಮೂರು ತಲೆಮಾರಿನ ಕಲ್ಲನ್ನು ಮಧ್ಯಾಹ್ನದ ಬಿಸಿಲಲ್ಲಿ ನಾನು, ಮಗಳು, ಮಗ ಹುಡುಕಿದೆವು. ಕೊನೆಗೆ ತೆಂಗಿನ ಬುಡದ ತರಗೆಲೆಯಲ್ಲಿ ಮಗನಿಗೆ ಸಿಕ್ಕಿತು. ಯಜಮಾನರು ಜಗಲಿಯಲ್ಲಿ ಕುಳಿತು ನಗುತ್ತಿದ್ದರು, ಹುಡುಕಲು ಬರಲಿಲ್ಲ. ಅದನ್ನು ನಾನು ಮರೆತಿಲ್ಲ.

ಬಾಳೆಲೆ ಬಾಡಿಸಿ ಸೊಳೆಯ ಮೇಲೆ ಹಾಸಿ, ಅದರ ಮೇಲೆ ಕಲ್ಲು, ಭರಣಿಯ ಬಾಯಿಗೆ ಬಟ್ಟೆ. ಒದ್ದೆ ಕೈ ಹಾಕಬಾರದು, ಅಷ್ಟೇ ಕಟ್ಟುನಿಟ್ಟು.

ಹಪ್ಪಳಕ್ಕೆ ಮಾತ್ರ ಎರಡು ಸಲ ಪಾಠ ಆಯಿತು. ಅದಕ್ಕೂ ಬಲಿತ ಕಾಯಿಯೇ ಬೇಕು, ಸಿಹಿ ಸುರುವಾಗಿರಬಾರದು. ನನಗೆ ಗುರುತು ಸಿಗಲಿಲ್ಲ. ಮೊದಲ ಹಲಸಿನ ಸೊಳೆಯಲ್ಲಿ ಆಗಲೇ ಹಳದಿ ಇಣುಕಿತ್ತು. ಇರಲಿ ಅಂತ ಬೇಯಿಸಿದೆ. ಹಿಟ್ಟು ಕೈಗೆ ಅಂಟಿತು, ಹಪ್ಪಳ ಒಣಗಿದರೂ ಬಾಗುತ್ತಿತ್ತು. ಎಣ್ಣೆಗೆ ಹಾಕಿದ ಕೂಡಲೇ ಕಪ್ಪು. ಮಕ್ಕಳು ಸಿಹಿ ಅಂತ ತಿಂದರು, ಅದು ಬೇರೆ ಮಾತು.

ಎರಡನೆಯದ್ದನ್ನು ಅತ್ತೆಯೇ ಬೆರಳಲ್ಲಿ ಬಡಿದು, ಸದ್ದು ಕೇಳಿ ಆರಿಸಿದರು. ಸೊಳೆಯನ್ನು ಆವಿಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸಿನ ಪುಡಿ, ಜೀರಿಗೆ ಹಾಕಿ ಒನಕೆಯಲ್ಲಿ ಗುದ್ದಬೇಕು. ತಣಿದರೆ ಗುದ್ದಲು ಆಗುವುದಿಲ್ಲ. ಗ್ರೈಂಡರಿಗೆ ಹಾಕಿ ನೋಡುವ ಆಸೆ ಇತ್ತು. ಹಿಂದೆ ಅದರಲ್ಲಿ ಹಿಟ್ಟು ಸಿಕ್ಕಿಕೊಂಡು ಮೋಟರು ಹೊಗೆ ಬಿಟ್ಟದ್ದು ನೆನಪಾಗಿ ಸುಮ್ನಾದೆ. ನಿಂಬೆ ಗಾತ್ರದ ಉಂಡೆ ಮಾಡಿ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು, ಮಣೆಯಲ್ಲಿ ಒಮ್ಮೆ ಒತ್ತಿದರೆ ಹಪ್ಪಳ. ಹಿಂದೆ ಬಾಳೆಲೆಯಲ್ಲಿ ಒತ್ತುತ್ತಿದ್ದರಂತೆ. ನಾವು ಎಣ್ಣೆಯ ದಪ್ಪ ಪ್ಯಾಕೆಟನ್ನು ತೊಳೆದು ಕತ್ತರಿಸಿಕೊಂಡೆವು. ನನ್ನ ರಾಶಿಯಿಂದ ಕೆಲಸಕ್ಕೆ ಬಂದ ಮೊದಲ ಸಾಮಾನು ಅದು.

ಅಂಗಳದಲ್ಲಿ ಒಣಹಾಕಿದ್ದ ಅಡಕೆ ತೆಗೆದಾಗಿತ್ತು, ಜಾಗ ಬೇಕಾದಷ್ಟು. ಮುಂಡಿಗೆ ಚಾಪೆಯ ಒಂದು ಬದಿ ಒರಳೆ ತಿಂದಿತ್ತು, ಉಳಿದ ಮುಕ್ಕಾಲು ಚಾಪೆಯಲ್ಲೇ ಹಪ್ಪಳ ಹರವಿದೆವು. ಒಂದು ಬದಿ ಸ್ವಲ್ಪ ಬೆಳ್ಳಗಾದಾಗ ಮಗುಚಬೇಕು. ತಡ ಆದರೆ ಚಾಪೆಗೇ ಅಂಟಿ ಹರಿಯುತ್ತದೆ. ಎರಡನೇ ದಿನ ನಾಲ್ಕು ಗಂಟೆಗೆ ಮೂಡು ದಿಕ್ಕಿನಲ್ಲಿ ಗುಡುಗಿತು. ಮನೆಯವರೆಲ್ಲ ಓಡಿ ಚಾಪೆಯನ್ನೇ ನಾಲ್ಕು ಮೂಲೆ ಹಿಡಿದು ಜಗಲಿಗೆ ಎತ್ತಿದೆವು. ಮಳೆ ಬರಲಿಲ್ಲ. ಮರುದಿನ ಗುಡುಗದೆಯೇ ಬಂತು, ಇಪ್ಪತ್ತು ಹಪ್ಪಳ ಹೋಯಿತು. ಉಳಿದದ್ದು 84. ಅವನ್ನು ತುಂಬಿಸಲು ಎರಡು ದೊಡ್ಡ ಹಾರ್ಲಿಕ್ಸ್ ಬಾಟ್ಲಿ ಗೆದ್ದವು.

ಕರೆಂಟು ಹೋದಾಗಿನ ಸೆಕೆಗೆ ಮಕ್ಕಳು ಅಡಕೆ ಹಾಳೆಯ ಬೀಸಣಿಗೆ ಮಾಡಿದರು. ತೋಟದಲ್ಲಿ ಬಿದ್ದ ಹಾಳೆಯನ್ನು ನೆನೆಸಿ, ಕಡೆಯುವ ಕಲ್ಲಿನ ಅಡಿಯಲ್ಲಿ ರಾತ್ರಿಯಿಡೀ ಇಟ್ಟರೆ ಚಪ್ಪಟೆ ಆಗುತ್ತದೆ. ಆಮೇಲೆ ಬೇಕಾದ ಆಕಾರಕ್ಕೆ ಕತ್ತರಿಸುವುದು. ಮಗಳು ಹಳೆ ಸೀರೆಯ ಅಂಚು ತೆಗೆದು ಸುತ್ತ ಹೊಲಿದಳು. ಸೀರೆಯ ಟ್ರಂಕಿನಿಂದ ಎಂಟು ಚೀಲವೂ ಆಯಿತು. ಒಂದು ಕಾಸರಗೋಡು ಕೈಮಗ್ಗದ ಹತ್ತಿ ಸೀರೆ ಮಾತ್ರ ಕತ್ತರಿಗೆ ಸಿಗಲಿಲ್ಲ. ಅದನ್ನು ನಾನು ಉಟ್ಟೆ. ಇಷ್ಟು ವರ್ಷ ಟ್ರಂಕಿನಲ್ಲಿದ್ದರೂ ಬಣ್ಣ ಹಾಗೇ ಇದೆ.

ಪತ್ತನಾಜೆ ಬಂತು. ಗೆಲ್ಲದೆ ಉಳಿದದ್ದು ಹೆಚ್ಚಾಗಿ ನನ್ನದೇ. ಐಸ್‌ಕ್ರೀಂ ಡಬ್ಬದಲ್ಲಿ ಆರು ಮಾತ್ರ ಕೆಲಸಕ್ಕೆ ಬಂದಿದ್ದವು. ಮೊದಲಿನಿಂದ ಇಲ್ಲಿಯವರೆಗಿನ ಪ್ಲಾಸ್ಟಿಕನ್ನೆಲ್ಲ ತೊಳೆದು ಒಣಗಿಸಿ ಚೀಲಕ್ಕೆ ತುಂಬಿಸಿಟ್ಟೆ. ಪ್ಲಾಸ್ಟಿಕ್ ಕಸ ಒಟ್ಟುಮಾಡಲು ತಿಂಗಳಿಗೊಮ್ಮೆ ಬರುವ ಹರಿತಕರ್ಮ ಸೇನೆಯ ಹೆಂಗಸರಿಗೆ ಎಂದಿನ 50 ರೂಪಾಯಿ ಜೊತೆ ಒಂಬತ್ತು ಚೀಲ ಕೊಟ್ಟೆ. "ಇಷ್ಟು ವರ್ಷ ಇದೆಲ್ಲ ಎಲ್ಲಿತ್ತು ಟೀಚರೇ?" ಅಂತ ಒಬ್ಬರು ತುಳುವಿನಲ್ಲಿ ಕೇಳಿದರು. ನಾನು ಮೇಲೆ ತೋರಿಸಿದೆ. ಹಳೆ ಪುಸ್ತಕ ಗುಜರಿಗೆ ಹೋಯಿತು.

ಹಂಡೆಯದ್ದೇ ಬೇಸರ. ಬೆಸುಗೆ ಹಾಕಿಸಲು ತೆಗೆದುಕೊಂಡು ಹೋಗಿದ್ದೆವು, ಇನ್ನು ಹಿಡಿಯುವುದಿಲ್ಲ ಅಂದರು. ಕಾನೂನು ಪ್ರಕಾರ ಅದು ಹೊರಗೆ. ಗುಜರಿಯವರು ತೂಕ ಹಾಕುವಾಗ ಅತ್ತೆ ಒಳಗೆ ಹೋಗಿ ಮಲಗಿದರು. ರಾತ್ರಿ ಊಟಕ್ಕೆ ಎದ್ದರೂ ಮಾತಾಡಲಿಲ್ಲ. ಆ ಕಾನೂನು ಮಾಡಿದವಳು ನಾನು. ಅದರಲ್ಲಿ ಒಂದು ಗಿಡ ನೆಡಬಹುದಿತ್ತು ಅಂತ ನನಗೆ ಹೊಳೆದದ್ದು ಎರಡು ದಿನ ಕಳೆದ ಮೇಲೆ.

ಹಂಚಿನವರು ಬಂದು ಮಾಡು ಸರಿಮಾಡಿ ಹೋದರು. ಜೂನ್ ಒಂದಕ್ಕೆ ಶಾಲೆ ಸುರುವಾಯಿತು. ಆಟಿ ತಿಂಗಳ ಮಳೆಗೆ ಭರಣಿ ತೆರೆದು, ಸೊಳೆಯನ್ನು ನೀರಲ್ಲಿ ಹಾಕಿ ಉಪ್ಪು ಬಿಡಿಸಿ, ಅಕ್ಕಿ ಸೇರಿಸಿ ಕಡೆದು ರೊಟ್ಟಿ ತಟ್ಟಿದೆವು. ತೆಂಗಿನೆಣ್ಣೆ ಹಾಕಿಕೊಂಡು ಅತ್ತೆ ಎರಡು ತಿಂದರು. 41 ಸೌತೆಕಾಯಿಯಲ್ಲಿ ಕೊಳೆತದ್ದು ಆರು. ಅದರಲ್ಲಿ ನಾಲ್ಕು ನಾನು ಕಟ್ಟಿದ್ದು.

ನಿನ್ನೆ ಸಾಂಬಾರಿಗೆ ಅಂತ ಒಂದು ಕಾಯಿ ಇಳಿಸಿದೆ. ಗಂಟು ಬಿಚ್ಚಿ ಬಾಳೆಬಳ್ಳಿಯನ್ನು ಒಲೆಗೆ ಹಾಕಲು ಹೋದೆ. ಎಳೆದು ನೋಡಿದರೆ ಇನ್ನೂ ಗಟ್ಟಿ ಇತ್ತು. ಸುರುಟಿ, ಏಣಿ ಹತ್ತಿ, ಅಟ್ಟದ ಮೊಳೆಗೆ ಸಿಕ್ಕಿಸಿ ಬಂದೆ.