ಮೊದಲು ಪ್ರಶ್ನೆ, ಆಮೇಲೆ ‘ನೆವರ್’: ಇನ್ವರ್ಶನ್ ಕಲಿಸಿದ ನನ್ನ ಅನುಭವ

ಇಂಗ್ಲಿಷ್ ವಾಕ್ಯದಲ್ಲಿ ಸಬ್ಜೆಕ್ಟಿಗಿಂತ ಮೊದಲು ವರ್ಬು ಬರೋದೇ ಇನ್ವರ್ಶನ್, ಪ್ರಶ್ನೆಯಲ್ಲಿ ಬರೋ ಹಾಗೆ. ಅದರಲ್ಲಿ ‘ನೆವರ್ ಹ್ಯಾವ್ ಐ ಸೀನ್’ ಕಲಿಸೋದಕ್ಕೆ ಪ್ರಶ್ನಾವಾಕ್ಯದಿಂದಲೇ ಶುರು ಮಾಡಬೇಕು ಅಂದಾಗ ಶಿರಸಿಯಲ್ಲಿ ಟ್ಯೂಷನ್ ಹೇಳುವ ಇಬ್ಬರು ಮಾಸ್ತರು, ಒಬ್ಬರು ಅಕ್ಕೋರು ಒಪ್ಪಿರಲಿಲ್ಲ. “ಹುಡುಗರು ಎಲ್ಲದಕ್ಕೂ ಪ್ರಶ್ನೆ ಚಿಹ್ನೆ ಹಾಕ್ತಾ ಕೂರ್ತಾರೆ ಮಾರಾಯ್ರೆ” ಅಂದರು. ಹಾಕಿದ್ದು ಹೌದು, ಮೊದಲ ಮೂರು ನಾಲ್ಕು ದಿನ. ಈಗ ಪಿಯುಸಿಗೂ ಬ್ಯಾಂಕ್ ಪರೀಕ್ಷೆಯ ಬ್ಯಾಚಿಗೂ ಇದೇ ದಾರಿ. ಎಂಟು ಕ್ಲಾಸಿನೊಳಗೆ ಮುಗೀತದೆ. ಆ ಅಕ್ಕೋರು ಈ ಪಾಠಕ್ಕೆ ಮಾಡಿದ ನನ್ನ ಕಾರ್ಡಿನ ಕಟ್ಟು ಒಯ್ದವರು ಇನ್ನೂ ವಾಪಸ್ ಕೊಟ್ಟಿಲ್ಲ.

ಮೊದಲು ಕೆಟ್ಟಿದ್ದು ಬೇರೆ ಕಡೆ. ‘ಬಂತು ಬಸ್ಸು’ ಅಂತ ಕನ್ನಡದಲ್ಲೂ ಕ್ರಿಯಾಪದ ಮುಂದೆ ಬರ್ತದಲ್ಲ, ಅಲ್ಲಿಂದ ‘ಹಿಯರ್ ಕಮ್ಸ್ ದ ಬಸ್’ಗೆ ಹೋದರೆ ಸುಲಭ ಅಂತ ಲೆಕ್ಕ ಹಾಕಿದ್ದೆ. ಸುಲಭವೇ ಆಯ್ತು, ಅದೇ ಎಡವಟ್ಟು. ಮರುದಿನ ಅರ್ಧ ಕ್ಲಾಸು ‘ನೆವರ್ ಸಾ ಐ ಸಚ್ ರೇನ್’ ಅಂತ ಬರೀತು. ‘ಹ್ಯಾವ್’ನಂಥ ಹೆಲ್ಪಿಂಗ್ ವರ್ಬಿನ ಬದಲು ಮೇನ್ ವರ್ಬನ್ನೇ ಎತ್ತಿ ಮುಂದೆ ಇಟ್ಟಿದ್ದರು. ಜಾಗ ಹೇಳುವ ಇನ್ವರ್ಶನ್ ಬೇರೆ, ‘ಇಲ್ಲ’ ಹೇಳುವ ಇನ್ವರ್ಶನ್ ಬೇರೆ. ಒಂದರ ಬಾಲ ಇನ್ನೊಂದಕ್ಕೆ ಅಂಟಿತು ಅಂದರೆ ಬಿಡಿಸೋದಕ್ಕೆ ತಿಂಗಳು ಬೇಕು. ಹಾಗಾಗಿ ‘ಬಂತು ಬಸ್ಸು’ ಈಗ ಕೊನೇ ಕ್ಲಾಸಿಗೆ.

ಕಾರ್ಡು ಹೀಗೆ: ಸಬ್ಜೆಕ್ಟು ಹಳದಿ, ಹೆಲ್ಪಿಂಗ್ ವರ್ಬು ಕೆಂಪು, ಉಳಿದದ್ದು ಬಿಳಿ, ‘ನೆವರ್’, ‘ಸೆಲ್ಡಮ್’, ‘ಹಾರ್ಡ್‌ಲಿ’ ಎಲ್ಲ ನೀಲಿ. ಪ್ರಶ್ನೆ ಚಿಹ್ನೆ ಬೇರೆಯೇ ಒಂದು ಸಣ್ಣ ಬಿಲ್ಲೆ. ‘ಐ, ಹ್ಯಾವ್, ಸೀನ್ ಸಚ್ ರೇನ್’ ಸಾಲಾಗಿ ಇಡ್ತಾರೆ. ಹಳದಿ ಕೆಂಪು ಅದಲು ಬದಲು ಮಾಡಿ ಬಿಲ್ಲೆ ಇಟ್ಟರೆ ಪ್ರಶ್ನೆ. ಈಗ ಎಡಗಡೆ ನೀಲಿ ಬೇಕು. ಬಿಲ್ಲೆ ನನ್ನ ಕೈಗೆ ವಾಪಸ್ ಕೊಟ್ಟವರಿಗೆ ಮಾತ್ರ ನೀಲಿ ಕಾರ್ಡು. ಚಿಹ್ನೆಯ ರೋಗ ಹೋಗಿದ್ದು ಈ ಕೊಡು-ಕೊಳ್ಳುವಿಕೆಯಿಂದಲೇ, ಬೈದು ಅಲ್ಲ.

ಹೆಲ್ಪಿಂಗ್ ವರ್ಬ್ ಇಲ್ಲದ ವಾಕ್ಯದಲ್ಲಿ ಕತ್ತರಿ ಬೇಕು. ‘ಶಿರಸಿ ಸೀಸ್ ದ ಮಾರಿಕಾಂಬಾ ಜಾತ್ರೆ’ಯಲ್ಲಿ ‘ಸೀಸ್’ನ ಕೊನೇ ಎಸ್ ಕತ್ತರಿಸಿ ‘ಡು’ ಕೆಂಪು ಕಾರ್ಡಿನ ತುದಿಗೆ ಅಂಟಿಸಿದರೆ ಅದು ‘ಡಸ್’ ಆಗ್ತದೆ, ನಡುವಿನ ಇ ಅಕ್ಷರ ಪೆನ್ನಲ್ಲಿ ಸೇರಿಸಿದರೆ ಆಯ್ತು. ‘ಓನ್ಲಿ ಒನ್ಸ್ ಇನ್ ಟೂ ಇಯರ್ಸ್ ಡಸ್ ಶಿರಸಿ ಸೀ ದ ಮಾರಿಕಾಂಬಾ ಜಾತ್ರೆ.’ ಎಸ್ ಒಂದೇ ಇದೆ, ಎರಡು ಕಡೆ ಕೂರೋದು ಸಾಧ್ಯವೇ ಇಲ್ಲ ಅಂತ ಕಣ್ಣಿಗೇ ಕಾಣ್ತದೆ. ‘ಡಿಡ್’ಗೆ ಕತ್ತರಿ ನಡೆಯೋದಿಲ್ಲ. ಒಂದೇ ಕಾರ್ಡಿನ ಒಂದು ಮೈಗೆ ‘ವೆಂಟ್’, ಇನ್ನೊಂದು ಮೈಗೆ ‘ಗೋ’ ಬರೆದು, ‘ಡಿಡ್’ ಬಂದ ಕೂಡಲೇ ತಿರುಗಿಸಬೇಕು. ‘ಈಸ್’, ‘ವಾಸ್’ನಂಥ ಬಿ ವರ್ಬಿಗೆ ಯಾವುದೂ ಬೇಡ: ‘ಸೆಲ್ಡಮ್ ಈಸ್ ದೇವಿಮನೆ ಘಾಟ್ ಕ್ಲಿಯರ್ ಇನ್ ಜುಲೈ.’

ಹೆಚ್ಚು ದಿನ ತಿಂದದ್ದು ‘ಓನ್ಲಿ ವೆನ್’. ‘ಓನ್ಲಿ ವೆನ್ ಡಿಡ್ ದ ರೇನ್ ಸ್ಟಾಪ್, ದ ಬಸ್ ಕೇಮ್’ ಅಂತ ಬರೀತಿದ್ದರು. ‘ವೆನ್’ ಕಂಡಲ್ಲೇ ತಿರುಗಿಸಿಬಿಡೋದು. ತಿರುಗಬೇಕಾದ್ದು ಎರಡನೇ ತುಂಡು: ‘ಓನ್ಲಿ ವೆನ್ ದ ರೇನ್ ಸ್ಟಾಪ್ಡ್ ಡಿಡ್ ದ ಬಸ್ ಕಮ್.’ ನಿಯಮ ಐದಾರು ಸಲ ಹೇಳಿದೆ, ದಂಡ. ಕೊನೆಗೆ ‘ಓನ್ಲಿ ವೆನ್ ದ ರೇನ್ ಸ್ಟಾಪ್ಡ್’ ಪೂರ್ತಿ ಒಂದು ಉದ್ದ ನೀಲಿ ಪಟ್ಟಿಯಲ್ಲಿ ಬರೆದು, ‘ಓನ್ಲಿ’ ಒಂದೇ ಮೇಲೆ ಕಾಣೋ ಹಾಗೆ ಮಡಚಿಟ್ಟೆ. ಒಳಗಿನ ವರ್ಬ್ ಕಣ್ಣಿಗೆ ಬೀಳದಿದ್ದರೆ ಕೈ ಅದರ ಮೇಲೆ ಹೋಗೋದಿಲ್ಲ. ವಾಕ್ಯ ಕೂಡಿದ ಮೇಲೆ ಪಟ್ಟಿ ಬಿಚ್ಚಿ ಓದಿಸೋದು. ‘ನಾಟ್ ಅಂಟಿಲ್’ಗೂ ಇದೇ ಪಟ್ಟಿ. ಪಟ್ಟಿಯ ಹಿಂದೆ ಪೆನ್ಸಿಲಲ್ಲಿ ಏನು ಬರೆದಿರ್ತೇನೆ ಅನ್ನೋದು ಮಾತ್ರ ಇಲ್ಲಿ ಬೇಡ. ಅಷ್ಟು ನನ್ನ ಹತ್ತಿರ ಇರಲಿ.

ಎಲ್ಲಿ ತಿರುಗಿಸಬೇಕು ಅನ್ನೋದಕ್ಕೆ ಕನ್ನಡದ್ದೇ ಒರೆಗಲ್ಲು ಇದೆ. ನಾವು ಒತ್ತು ಕೊಡೋದು ಹೆಚ್ಚಾಗಿ ‘ಏ’ ಹಚ್ಚಿ, ಇಂಗ್ಲಿಷು ಕೊಡೋದು ಜಾಗ ಬದಲಿಸಿ. ‘ಕಂಡಿಲ್ಲ’ ಆದರೆ ಸುಮ್ಮನಿರಿ, ‘ಕಂಡೇ ಇಲ್ಲ’ ಆದರೆ ತಿರುಗಿಸಿ. ಆದರೆ ‘ಮಾತ್ರ’ ಮೋಸ ಮಾಡ್ತದೆ. ‘ಅವನು ಮಾತ್ರ ಬಂದ’ ಅನ್ನೋದಕ್ಕೆ ‘ಓನ್ಲಿ ಹಿ ಕೇಮ್’, ತಿರುಗೋದಿಲ್ಲ, ‘ಮಾತ್ರ’ ಸಬ್ಜೆಕ್ಟಿಗೇ ಅಂಟಿದೆ. ಕಾಲಕ್ಕೆ ಅಂಟಿದರೆ ತಿರುಗ್ತದೆ. ‘ಇನ್ ನೋ ಟೈಮ್’ ಇನ್ನೊಂದು ಗುಂಡಿ: ಅದರಲ್ಲಿ ‘ನೋ’ ಇದ್ದರೂ ಅರ್ಥ ‘ಕ್ಷಣದಲ್ಲಿ’, ಹಾಗಾಗಿ ಸೀದಾ ವಾಕ್ಯ. ‘ಅಟ್ ನೋ ಟೈಮ್’ ಬಂದರೆ ತಿರುಗಿಸಲೇಬೇಕು. ‘ನೋ ಸೂನರ್’ ಜೊತೆ ‘ದ್ಯಾನ್’, ‘ಹಾರ್ಡ್‌ಲಿ’ ಜೊತೆ ‘ವೆನ್’ ಎಲ್ಲರಿಗೂ ಗೊತ್ತಿದ್ದದ್ದೇ.

ಖರ್ಚು ಮೊದಲ ಸಲ ನೂರೈವತ್ತು ರೂಪಾಯಿಯ ಆಸುಪಾಸು, ಬರೀ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು. ಆಷಾಢದಲ್ಲಿ ಎಲ್ಲ ಹಪ್ಪಳದ ಹಾಗೆ ಸುರುಟಿ, ಬೂಷ್ಟು ಹಿಡಿದು ಹೋಯ್ತು. ಎರಡನೇ ಸಲ ಲ್ಯಾಮಿನೇಶನ್, ಆರುನೂರಕ್ಕೆ ಹತ್ತಿರ. ಮಡಚುವ ಪಟ್ಟಿಯನ್ನು ಇಡಿಯಾಗಿ ಲ್ಯಾಮಿನೇಟ್ ಮಾಡಿ ಕೆಡಿಸಿದೆ, ಮಡಚಿದಲ್ಲೇ ಬಿರುಕು ಬಂತು. ಎರಡು ತುಂಡು ಮಾಡಿ, ನಡುವೆ ಮೂರು ನಾಲ್ಕು ಮಿಲಿಮೀಟರ್ ಸಂದು ಬಿಟ್ಟು ಒಂದೇ ಕವರಿನಲ್ಲಿ ಹಾಕಿದರೆ ಸಂದೇ ಕೀಲಾಗ್ತದೆ. ಕತ್ತರಿಸುವ ಎಸ್ ಕಾರ್ಡು ಮಾತ್ರ ಕಾಗದದ್ದೇ ಇರಲಿ.

ನಡುವೆ ಮೊಬೈಲಲ್ಲಿ ಓದಿಸಿ ರೆಕಾರ್ಡ್ ಮಾಡಿ ನೋಡಿದೆ. ವಾಕ್ಯ ಸರಿ ಬರೆದವರೂ ‘ಹ್ಯಾವ್ ಐ’ ಮೇಲೆ ಪ್ರಶ್ನೆಯ ರಾಗ ಎಳೀತಿದ್ದರು. ಒತ್ತು ‘ನೆವರ್’ ಮೇಲೆ ಬೀಳಬೇಕು. ಆ ಒಂದು ಪದಕ್ಕೆ ಮೇಜು ಕುಟ್ಟಿ ಓದಿಸಿದೆ, ಪಕ್ಕದ ಮನೆಯವರಿಗೆ ಬೇಜಾರಾಯ್ತು, ರಾಗ ಹೋಯ್ತು.

ಕೊನೇ ಕ್ಲಾಸಿಗೆ ಜಾಗದ ಇನ್ವರ್ಶನ್. ಪ್ರಶ್ನೆ ಪಳಗಿದವರು ಇಲ್ಲಿ ‘ಇಂಟು ದ ಸೀ ಡಸ್ ದ ಕಾಳಿ ಫ್ಲೋ’ ಅಂತಾರೆ, ಕೆಂಪು ಕಾರ್ಡು ಪೂರ್ತಿ ಎತ್ತಿಡಬೇಕು. ‘ಇಂಟು ದ ಸೀ ಅಟ್ ಕಾರವಾರ್ ಫ್ಲೋಸ್ ದ ಕಾಳಿ.’ ಕಾರವಾರದ ಕಡಲತೀರದಲ್ಲಿ ಮ್ಯೂಸಿಯಂ ಮಾಡಿಟ್ಟ ಯುದ್ಧನೌಕೆಗೆ ‘ಆನ್ ದ ಬೀಚ್ ಸ್ಟ್ಯಾಂಡ್ಸ್ ದ ವಾರ್‌ಶಿಪ್ ಚಪಲ್.’ ವರ್ಬು ಹೊಂದಬೇಕಾದ್ದು ಹಿಂದೆ ಬರುವ ಸಬ್ಜೆಕ್ಟಿಗೆ, ಮುಂದಿನ ಜಾಗಕ್ಕಲ್ಲ: ಗುಡ್ಡ ಒಂದೇ, ಗುಡಿ ಎರಡಾದರೆ ‘ಆನ್ ದ ಹಿಲ್ ಸ್ಟ್ಯಾಂಡ್ ಟೂ ಟೆಂಪಲ್ಸ್’. ಮಳೆಗಾಲದಲ್ಲಿ ಉದಾಹರಣೆ ತಾನಾಗಿಯೇ ಸಿಗ್ತದೆ. ‘ಹೋಯ್ತು ಕರೆಂಟು’ ಅಂತ ಹುಡುಗರು ಕೂಗಿದ ಕೂಡಲೇ ‘ದೇರ್ ಗೋಸ್ ದ ಕರೆಂಟ್’. ‘ಹೋಯ್ತು ಅದು’ ಅಂದರೆ ಮಾತ್ರ ‘ದೇರ್ ಇಟ್ ಗೋಸ್’, ಸರ್ವನಾಮ ಬಂತು ಅಂದರೆ ಹಳದಿ ತನ್ನ ಜಾಗ ಬಿಡೋದಿಲ್ಲ.