ಸೆಕೆಂಡ್ ಹ್ಯಾಂಡ್ ಸೈಕಲ್ಲಿನಲ್ಲಿ ಟ್ರಯಥ್ಲಾನ್: ನನ್ನ ಅನುಭವ

ಟ್ರಯಥ್ಲಾನ್‌ನ ಮೂರು ಭಾಗಗಳಲ್ಲಿ ಹೆಚ್ಚು ಹಣ ಬೇಡುವುದು ಸೈಕಲ್. ಒಲಿಂಪಿಕ್ ದೂರದ ಸ್ಪರ್ಧೆಯಲ್ಲಿ 1.5 ಕಿ.ಮೀ. ಈಜು ಮತ್ತು 10 ಕಿ.ಮೀ. ಓಟದ ನಡುವೆ 40 ಕಿ.ಮೀ. ಸೈಕಲ್ ತುಳಿಯಬೇಕು, ಇದಕ್ಕೆಂದೇ ತಯಾರಾಗುವ ಕಾರ್ಬನ್ ಸೈಕಲ್‌ಗಳ ಬೆಲೆ ಹಲವು ಲಕ್ಷ ರೂಪಾಯಿ. ತುಮಕೂರಿನ ಶಾಲಾ ಶಿಕ್ಷಕನಾದ ನನ್ನ ಸಂಬಳದಲ್ಲಿ ಅದು ಆಗದ ಮಾತಾಗಿದ್ದರಿಂದ, ಯಾವ ಖರ್ಚು ಅನಿವಾರ್ಯ, ಯಾವುದು ಬರೀ ಆಸೆ ಎಂದು ಬೇರ್ಪಡಿಸುವುದನ್ನೇ ಮೊದಲ ಅಭ್ಯಾಸವಾಗಿ ಇಟ್ಟುಕೊಂಡೆ.

ಬೆಂಗಳೂರಿನಲ್ಲಿ ಒಬ್ಬರು ಬಳಸಿದ್ದ, ಅಲ್ಯುಮಿನಿಯಂ ಫ್ರೇಮಿನ, ಶಿಮಾನೋ ಕ್ಲಾರಿಸ್ ಗೇರುಗಳ ರೋಡ್ ಬೈಕನ್ನು 28 ಸಾವಿರಕ್ಕೆ ಕೊಂಡೆ. ನಮ್ಮೂರಿನ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವರು ಫ್ರೇಮಿನ ಬೆಸುಗೆಗಳಲ್ಲಿ ಬಿರುಕಿದೆಯೇ ಎಂದು ಬೆರಳಾಡಿಸಿ ನೋಡಿದ ಮೇಲೆ, 12 ಇಂಚಿನ ಉಕ್ಕಿನ ಸ್ಕೇಲನ್ನು ಚೈನಿಗೆ ಹಿಡಿದರು. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟರೆ, ಹೊಸ ಚೈನಿನಲ್ಲಿ ಅದರಿಂದಾಚೆಗಿನ 24ನೇ ಪಿನ್ ಸರಿಯಾಗಿ 12 ಇಂಚಿಗೆ ಬರುತ್ತದೆ. ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಮುಂದೆ ಸರಿದಿದ್ದರೆ ಚೈನ್ ಬದಲಿಸಬೇಕು, ಎಂಟನೆಯ ಒಂದು ಭಾಗದಷ್ಟು ಸರಿದಿದ್ದರೆ ಕ್ಯಾಸೆಟ್ಟೂ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗುಚ್ಛ) ಸವೆದಿರುತ್ತದೆ. "ಚೈನ್ ಎಳೆದಿದೆ ಮೇಷ್ಟ್ರೇ, ಕ್ಯಾಸೆಟ್ ಚೆನ್ನಾಗಿದೆ, ಸ್ವಲ್ಪ ಇಳಿಸಿ ಕೇಳಿ" ಎಂದರು. ಇಳಿಸಿದ ಹಣದಲ್ಲಿ ಹೊಸ ಚೈನ್ ಬಂತು.

ಸಮತಟ್ಟಾದ ರಸ್ತೆಯಲ್ಲಿ ವೇಗ ಹೆಚ್ಚಿದಂತೆ ನಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ, ಮತ್ತು ಆ ಗಾಳಿಯ ತಡೆಯಲ್ಲಿ ಸೈಕಲ್ಲಿಗಿಂತ ಸವಾರನ ಮೈಯದೇ ದೊಡ್ಡ ಪಾಲು. ಆದ್ದರಿಂದ ಮೊಣಕೈ ಊರಿ ಮುಂದಕ್ಕೆ ಬಾಗಲು ನೆರವಾಗುವ, ಕೆಲವೇ ಸಾವಿರದ ಏರೋ ಬಾರನ್ನು ಹಳೆಯ ಹ್ಯಾಂಡಲ್‌ಗೆ ಜೋಡಿಸಿ, ಮೈ ತಗ್ಗಿಸಿ ತುಳಿಯುವುದನ್ನು ರೂಢಿಸಿಕೊಂಡೆ. ಬೆನ್ನು ಒಗ್ಗಲು ತಿಂಗಳುಗಳೇ ಹಿಡಿದರೂ ಅದಕ್ಕೆ ಹಣ ಬೇಕಾಗಲಿಲ್ಲ. ದೇವರಾಯನದುರ್ಗದ ಏರಿನಲ್ಲಿ ವೇಗ ಕಡಿಮೆ ಇರುವುದರಿಂದ ಇದರ ಲಾಭ ಅಷ್ಟಿಲ್ಲ. ಅಲ್ಲಿಂದ ಇಳಿಯುವಾಗ ಬೇಕಾದದ್ದು ನಂಬಬಹುದಾದ ಬ್ರೇಕ್ ಮತ್ತು ಟೈರ್, ಅವೆರಡರಲ್ಲಿ ನಾನು ಜಿಪುಣತನ ಮಾಡಿಲ್ಲ. ಹೆಲ್ಮೆಟ್ಟಂತೂ ಹೊಸದೇ ಆಗಬೇಕು, ಏಕೆಂದರೆ ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಹಾನಿ ಕಣ್ಣಿಗೆ ಕಾಣುವುದಿಲ್ಲ.

ಈಜುವಾಗ ಮೈ ಬೆಚ್ಚಗಿಡುವ ರಬ್ಬರಿನ ಉಡುಪು, ವೆಟ್‌ಸೂಟ್, ಕೊಳ್ಳಲಿಲ್ಲ. ಐರನ್‌ಮ್ಯಾನ್ ಹೆಸರಿನ ದೀರ್ಘ ದೂರದ ಟ್ರಯಥ್ಲಾನ್ ಸ್ಪರ್ಧೆಗಳಲ್ಲಿ ನೀರು 24.5 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದನ್ನು ತೊಟ್ಟವರಿಗೆ ಬಹುಮಾನದ ಸ್ಥಾನ ಸಿಗುವುದಿಲ್ಲ, ನಮ್ಮ ಕಡಲ ನೀರು ಅದಕ್ಕಿಂತ ಬೆಚ್ಚಗಿರುತ್ತದೆ.

ಸಾಮಗ್ರಿಯ ಖರ್ಚನ್ನು ಹೀಗೆ ಹಿಡಿತದಲ್ಲಿಡಬಹುದು, ಆದರೆ ಪ್ರವೇಶ ಶುಲ್ಕ, ಪ್ರಯಾಣ, ವಸತಿಗಳ ಖರ್ಚು ಪ್ರತಿ ಸ್ಪರ್ಧೆಗೂ ಮರಳಿ ಬರುತ್ತದೆ. ಗೋವಾದ ಸ್ಪರ್ಧೆಗೆ ನಾವು ಗೆಳೆಯರು ಒಂದೇ ಗಾಡಿಯಲ್ಲಿ ಸೈಕಲ್‌ಗಳನ್ನು ಹೇರಿಕೊಂಡು ಹೋಗಿ, ಒಂದೇ ಕೋಣೆಯಲ್ಲಿ ಉಳಿದೆವು. ತೋಟದ ಬಾವಿಗಳಲ್ಲಿ ಈಜು ಕಲಿತ, ಬರಿಗಾಲಲ್ಲಿ ನನ್ನನ್ನು ಹಿಂದೆ ಹಾಕುವ ನನ್ನ ವಿದ್ಯಾರ್ಥಿಗಳಿಗೆ ಅಷ್ಟೂ ಸಾಧ್ಯವಿಲ್ಲ. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟದ ಸ್ಪ್ರಿಂಟ್ ಸ್ಪರ್ಧೆಯನ್ನು, ಮನೆಯಲ್ಲಿರುವ ಯಾವ ಸೈಕಲ್ಲಿಗೂ ಅವಕಾಶವಿಟ್ಟು, ನುರಿತ ಜೀವರಕ್ಷಕರ ಕಾವಲಿನಲ್ಲಿ ಜಿಲ್ಲಾ ಮಟ್ಟದಲ್ಲಿಯೇ ನಡೆಸಬೇಕೆಂದು ನಾನು ಕೇಳುತ್ತಿರುವುದು ಅವರಿಗಾಗಿ.